ಜಿಗಿ ಇಲ್ಲದ ಹಿಟ್ಟು, ಜಾಣ ಕೈ

ಪೇಟೆಯಲ್ಲಿ ‘ಗ್ಲುಟೆನ್ ಫ್ರೀ’ ಎಂಬ ಚೀಟಿ ಅಂಟಿಸಿಕೊಂಡು ದುಬಾರಿ ಪೊಟ್ಟಣದಲ್ಲಿ ಬರುವ ಅಡುಗೆಯನ್ನು ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮನೆಗಳು ಯಾವ ಹೆಸರೂ ಇಡದೆ ಮಾಡಿಕೊಂಡು ಬಂದಿವೆ. ಕಡಲೆ ಹಿಟ್ಟಿನ ಹದ ಬಲ್ಲವರಿಗೆ ಓವನ್ ಕೂಡ ಹೊಸದಲ್ಲ.

“ಅಣ್ಣಾ, ಒಂದು ಒಗ್ಗರಣಿ, ಎರಡು ಮಿರ್ಚಿ.”

ಸಿಂಧನೂರಿನ ಬೆಳಗು ಶುರುವಾಗುವುದೇ ಈ ಮಾತಿನಿಂದ. ನೀರಲ್ಲಿ ಅದ್ದಿ ಹಿಂಡಿದ ಮಂಡಾಳಿಗೆ ಒಗ್ಗರಣೆ, ಮೇಲೊಂದಿಷ್ಟು ಪುಠಾಣಿ ಹಿಟ್ಟು, ಪಕ್ಕದಲ್ಲಿ ಕಡ್ಲಿ ಹಿಟ್ಟಿನ ಅಂಗಿ ತೊಟ್ಟ ಬಿಸಿ ಮೆಣಸಿನಕಾಯಿ. ಅಕ್ಕಿ, ಕಡಲೆ, ಎಣ್ಣೆ, ಖಾರ ಇಷ್ಟೇ. ಈ ತಟ್ಟೆಗೆ ಗೋಧಿ ಬೇಕಾಗಿಯೇ ಇಲ್ಲ.

ಮೂರೂ ಊರುಗಳು 150ಎ ಹೆದ್ದಾರಿಯ ಮೇಲೇ ಇವೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಮಸ್ಕಿ, ಲಿಂಗಸುಗೂರಿನ ಕಡೆ ನಡೆದಂತೆ ಎರೆಹೊಲ, ಜೋಳ, ಹಿಂಗಾರಿಯ ಕಡಲೆ. ಮಳೆ ಹಿಂದಕ್ಕೆ ಸರಿದ ಮೇಲೆ ಬಿತ್ತಿದ ಕಡಲೆ, ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುತ್ತದೆ. ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿದರೆ ಇಬ್ಬನಿಯ ಜೊತೆ ಎಲೆಯ ಹುಳಿಯೂ ಇಳಿಯುತ್ತದೆ. ಹಿಂಡಿ ತೆಗೆದ ಆ ಕಡ್ಲಿ ಹುಳಿಯನ್ನು ಹೊಟ್ಟೆನೋವಿಗೆಂದು ಸೀಸೆಯಲ್ಲಿ ಕಾಪಿಡುವ ಅಜ್ಜಿಯರಿದ್ದರು. ಈ ಸೀಮೆಯ ಮೆಚ್ಚಿನ ತಳಿ ಅಣ್ಣಿಗೇರಿ. ಸೊರಗು ರೋಗಕ್ಕೆ ಅದು ಸೋಲುತ್ತಿದ್ದುದರಿಂದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ, ರೋಗ ತಡೆಯುವ ಗುಣ ಬೆರೆಸಿ ‘ಸೂಪರ್ ಅಣ್ಣಿಗೇರಿ-1’ ತಳಿಯನ್ನು ರೂಪಿಸಿದವು.

ಅಶೋಕನಿಗಿಂತ ಹಳೆಯ ಕಾಳು

ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳಿದ ಶಾಸನ ನೆನಪಾಗುತ್ತದೆ. ಕಾಳಿನ ಕಥೆ ಅದಕ್ಕಿಂತ ಹಿಂದಿನದು. ತುಂಗಭದ್ರೆಯ ಆಚೆ, ಬಳ್ಳಾರಿ ಸೀಮೆಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿದಾದ ಬೀಜಗಳು ಸಿಕ್ಕಿವೆ: ಹುರುಳಿ, ಹೆಸರು, ಕಿರುಧಾನ್ಯ. ಸುಮಾರು 4,000 ವರ್ಷಗಳ ಹಿಂದಿನ ಊಟವದು. ಗೋಧಿ ಬಂದದ್ದು ಆಮೇಲೆ, ಅದೂ ಅಷ್ಟಿಷ್ಟು. ಕಡಲೆಯೂ ಪಶ್ಚಿಮ ಏಷ್ಯಾದಿಂದ ಬಂದ ನೆಂಟನೇ. ಎರೆಮಣ್ಣು ಒಗ್ಗಿದ್ದರಿಂದ ಮನೆಮಗನಾಗಿ ಉಳಿಯಿತು.

ಜಿಗಿಯ ಗುಟ್ಟು

ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ರಬ್ಬರಿನಂತೆ ಹಿಗ್ಗುವ ಅಂಟು ಹುಟ್ಟುತ್ತದಲ್ಲ, ಅದೇ ಗ್ಲುಟೆನ್. ಬ್ರೆಡ್ ಉಬ್ಬುವುದು, ಚಪಾತಿ ಹರಿಯದೆ ಉಳಿಯುವುದು ಅದರ ಬಲದಿಂದ. ಜೋಳದಲ್ಲಿ ಆ ಅಂಟಿಲ್ಲ, ಕಡಲೆಯಲ್ಲೂ ಇಲ್ಲ. ಹಾಗಾದರೆ ರೊಟ್ಟಿ ಬಡಿಯುವ ಕೈಗೆ ಹಿಟ್ಟು ಹೇಗೆ ಬಗ್ಗುತ್ತದೆ? ಕುದಿಯುವ ಎಸರು ಬಿದ್ದ ಕೂಡಲೇ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಗೋಧಿಯಲ್ಲಿ ನಾದುವಿಕೆ ಮಾಡುವ ಕೆಲಸವನ್ನು ಇಲ್ಲಿ ಬಿಸಿನೀರು ಮಾಡುತ್ತದೆ.

ಜುಣಕದಲ್ಲಿ ಈ ವಿದ್ಯೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಎರಡು ಬಟ್ಟಲು ನೀರು ಹೊಯ್ದು ಉಪ್ಪು ಹಾಕಿ ಕುದಿಸಿ. ಒಂದು ಬಟ್ಟಲು ಕಡ್ಲಿ ಹಿಟ್ಟನ್ನು ಒಂದು ಕೈಯಿಂದ ಉದುರಿಸುತ್ತ, ಇನ್ನೊಂದು ಕೈಯಿಂದ ಗಂಟಾಗದಂತೆ ತಿರುವಿ. ಉರಿ ಸಣ್ಣಗೆ ಮಾಡಿ, ಹಸಿ ವಾಸನೆ ಹೋಗಿ ಮುದ್ದೆ ಪಾತ್ರೆಯ ತಳ ಬಿಡುವವರೆಗೆ ಬೇಯಿಸಿ. ಎಣ್ಣೆ ಸವರಿದ ತಟ್ಟೆಯಲ್ಲಿ ತಟ್ಟಿ, ಕೊತ್ತಂಬರಿ, ಒಣಕೊಬ್ಬರಿ ಉದುರಿಸಿ, ಆರಿದ ಮೇಲೆ ಕೊಯ್ದರೆ ಜುಣಕದ ವಡಿ. ನೀರು ಹೆಚ್ಚಿಗೆ ಹಾಕಿ ತೆಳ್ಳಗೆ ಇಳಿಸಿಕೊಂಡರೆ ಹಿಟ್ಟಿನ ಪಲ್ಯ. ತರಕಾರಿ ಇಲ್ಲದ ದಿನ ರೊಟ್ಟಿಯ ಮರ್ಯಾದೆ ಕಾಯುವುದು ಇದೇ.

ಇದಕ್ಕೆ ಲೋಕದ ತುಂಬ ಬೀಗರಿದ್ದಾರೆ. ಸಿಸಿಲಿಯವರು ಕಡಲೆ ಹಿಟ್ಟನ್ನು ಹೀಗೇ ಬೇಯಿಸಿ, ಆರಿಸಿ, ಕೊಯ್ದು, ಕರಿದು ‘ಪನೆಲ್ಲೆ’ ಎನ್ನುತ್ತಾರೆ. ಬರ್ಮಾದ ಶಾನ್ ಜನರು ಹೀಗೇ ಹೆಪ್ಪಾಗಿಸಿ ‘ತೋಫು’ ಎನ್ನುತ್ತಾರೆ. ಫ್ರಾನ್ಸಿನ ನೀಸ್ ಪಟ್ಟಣದ ‘ಸೊಕ್ಕ’ ಭಟ್ಟಿಯಲ್ಲಿ ಸುಟ್ಟ ಕಡಲೆ ದೋಸೆ. ಅಷ್ಟು ದೂರ ಯಾಕೆ, ಸಿಂಧನೂರಿನ ಸುತ್ತ ನೆಲೆ ಕಂಡುಕೊಂಡ ಬಂಗಾಳಿ ಕ್ಯಾಂಪುಗಳ ಜನರಿಗೆ ಬದನೆ ಹೋಳನ್ನು ಇದೇ ಹಿಟ್ಟಿನಲ್ಲಿ ಅದ್ದಿ ಕರಿದ ‘ಬೇಗುನಿ’ ತವರಿನ ರುಚಿ.

ಗೋಧಿ ಒಗ್ಗದವರು

ಗೋಧಿ, ಜವೆ, ರೈಗಳ ಗ್ಲುಟೆನ್ ಹೊಟ್ಟೆಗೆ ಹೋದರೆ ಕೆಲವರ ದೇಹ ತನ್ನ ಸಣ್ಣ ಕರುಳಿನ ಒಳಪದರದ ಮೇಲೇ ಯುದ್ಧಕ್ಕೆ ನಿಲ್ಲುತ್ತದೆ. ಇದು ಸೀಲಿಯಾಕ್ ಕಾಯಿಲೆ. ಗೋಧಿಯೇ ಕಾರಣ ಎಂದು ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ; ಅವರ ಪ್ರಬಂಧ ಹೊರಬಂದದ್ದು 1950ರಲ್ಲಿ. ಭಾರತದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಮಂದಿಯಲ್ಲಿ ಇದನ್ನು ಕಂಡಿತು. ದಕ್ಷಿಣದಲ್ಲಿ ಗೋಧಿ ಊಟ ತೀರ ಕಡಿಮೆ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿತು. ಈಗ ಬೇಕರಿ, ಪರೋಟ, ನೂಡಲ್ಸ್ ನಮ್ಮ ಓಣಿಗೂ ಬಂದಿವೆ.

ಒಂದು ಎಚ್ಚರ: ಹೊಟ್ಟೆ ಉಬ್ಬರಿಸಿತೆಂದು ತಾವೇ ಗೋಧಿ ಬಿಡಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಕಾಯಿಲೆ ಕಣ್ಣು ತಪ್ಪಿಸಬಹುದು. ಕಾಯಿಲೆ ಇಲ್ಲದವರು ಗೋಧಿಗೆ ಹೆದರಬೇಕಿಲ್ಲ. ಅವರಿಗೂ ಕಡಲೆ ಹಿಟ್ಟಿನ ಲಾಭ ಉಂಟು: 100 ಗ್ರಾಂ ಕಡಲೆಬೇಳೆಯಲ್ಲಿ 21 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ, ಗೋಧಿಯ ಸುಮಾರು ಎರಡರಷ್ಟು.

ಒಳಗೆ ನುಸುಳುವ ಗೋಧಿ

ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ‘ಗ್ಲುಟೆನ್ ಮುಕ್ತ’ ಎನ್ನಲು ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ನಮ್ಮ ಅಡುಗೆಮನೆಯಲ್ಲಿ ಈ ಗೆರೆ ದಾಟಿಸುವವು ಮೂರು. ಮೊದಲನೆಯದು ಗಿರಣಿ: ಗೋಧಿ ಬೀಸಿದ ಕಲ್ಲಿಗೇ ಕಡಲೆಬೇಳೆ ಸುರಿದರೆ ಅಂಚಿನ ಹಿಟ್ಟೆಲ್ಲ ನಮ್ಮ ಡಬ್ಬಿಗೆ. ಎರಡನೆಯದು ಇಂಗು: ಅಂಗಡಿಯ ಬಹಳಷ್ಟು ಇಂಗಿನ ಪುಡಿಗೆ ಮೈದಾ ಬೆರೆತಿರುತ್ತದೆ, ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ. ಮೂರನೆಯದು ಎಣ್ಣೆ: ಪೂರಿ ಕರಿದ ಬಾಣಲೆಯಲ್ಲೇ ಮಿರ್ಚಿ ಬಿಟ್ಟರೆ ಆ ಮಿರ್ಚಿ ಸೀಲಿಯಾಕ್ ಇರುವವರಿಗೆ ಸಲ್ಲದು.

ಓವನ್ನಿಗೆ ಕಡ್ಲಿ ಹಿಟ್ಟು

ಮೈದಾ ಕೇಕಿನ ಅಳತೆಗೆ ಬರೀ ಕಡಲೆ ಹಿಟ್ಟು ಸುರಿದರೆ ಕೈಗೆ ಬರುವುದು ಇಟ್ಟಿಗೆ. ಮೂರರಲ್ಲಿ ಒಂದು ಪಾಲು ಕಡಲೆ, ಉಳಿದದ್ದು ಅಕ್ಕಿ ಮತ್ತು ಜೋಳದ ಹಿಟ್ಟು ಇರಲಿ. ಜಿಗಿಗೆ ನಮ್ಮ ಅಗಸಿಯೇ ಸಾಕು: ಒಂದು ಚಮಚ ಅಗಸಿ ಪುಡಿಯನ್ನು ಮೂರು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಲೋಳೆಯಾಗಿ ಹಿಟ್ಟನ್ನು ಹಿಡಿಯುತ್ತದೆ. ಉಬ್ಬಲು ಹುಳಿ ಮೊಸರು, ಚಿಟಿಕೆ ಸೋಡಾ. ಕಲಸಿದ ಹಿಟ್ಟು ಅರ್ಧ ತಾಸು ನೆನೆದ ಮೇಲೇ ಸೋಡಾ ಹಾಕಿ, ಕೂಡಲೇ ಒಳಗಿಡಿ.

ಮೊದಲ ಸಲ ಮಾಡುವವರಿಗೆ ನಾನಖಟಾಯಿ ಒಳ್ಳೆಯದು. ಅದು ಪುಡಿಪುಡಿ ಆಗಬೇಕಾದ್ದರಿಂದ ಅಂಟಿಲ್ಲದ್ದೇ ಅನುಕೂಲ. ಒಂದು ಬಟ್ಟಲು ಕಡಲೆ ಹಿಟ್ಟನ್ನು ಘಮ್ಮೆನ್ನುವಂತೆ ಹುರಿದು ಆರಿಸಿ. ಅರ್ಧ ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಸಕ್ಕರೆ ಪುಡಿ, ಏಲಕ್ಕಿ ಸೇರಿಸಿ, ಉಂಡೆ ಕಟ್ಟುವಷ್ಟು ಗಟ್ಟಿ ತುಪ್ಪ ಹಾಕಿ ಕಲಸಿ. 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಓವನ್ ಇಲ್ಲದಿದ್ದರೆ ಉಪ್ಪು ಹಾಸಿದ ದಪ್ಪ ಪಾತ್ರೆ, ಮೇಲೊಂದು ಮುಚ್ಚಳ, ಸಣ್ಣ ಉರಿ. ಪೂರ್ತಿ ಆರುವ ತನಕ ಮುಟ್ಟಬೇಡಿ, ಬಿಸಿಯಲ್ಲಿ ಎತ್ತಿದರೆ ಪುಡಿಯಾಗುತ್ತದೆ.

ಇಷ್ಟಕ್ಕೆ ಬೇಕಾದದ್ದೆಲ್ಲ ನಮ್ಮ ವಾರದ ಸಂತೆಯಲ್ಲೇ ಸಿಗುತ್ತದೆ. ಮನೆಯಲ್ಲಿ ಗೋಧಿ ಒಗ್ಗದ ಒಂದು ಮಗು ಇದ್ದರೆ ದುಬಾರಿ ಪೊಟ್ಟಣ ಹುಡುಕುವ ಮೊದಲು ಒಂದು ಕೆಲಸ ಮಾಡಿ: ಮೂಲೆ ಸೇರಿದ ಬೀಸುಕಲ್ಲನ್ನು ಈಚೆ ತೆಗೆದು, ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಿ, ಇನ್ನು ಮೇಲೆ ಅದಕ್ಕೆ ಗೋಧಿ ಸೋಂಕದಂತೆ ನೋಡಿಕೊಳ್ಳಿ.