ಬಾಕಿ, ಜಾಮೀನು, ಸಬ್ಸಿಡಿ: ಹಾವೇರಿ ಸೀಮೆಯ ನಂಬಿಕೆಗಳು ಮತ್ತು ಕಾನೂನು ಹೇಳುವುದು

ಬ್ಯಾಡಗಿಯ ಖಾರದಪುಡಿ ಗಿರಣಿಯವರನ್ನು ಕೇಳಿ, ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜ ಹಸನು ಮಾಡಿ ಚೀಲ ಕಟ್ಟುವವರನ್ನು ಕೇಳಿ, ಹಾವೇರಿಯ ಏಲಕ್ಕಿ ಹಾರದ ಮನೆಗಳಲ್ಲಿ ಕೇಳಿ. ದಂಧೆ ಯಾಕೆ ದೊಡ್ಡದಾಗಲಿಲ್ಲ ಎಂದರೆ ಮೊದಲು ಬರುವ ಉತ್ತರ "ರೊಕ್ಕ ಇಲ್ರೀ". ಎರಡನೆಯದು "ಸರಕಾರ ಏನೂ ಮಾಡಂಗಿಲ್ಲ". ಎರಡೂ ಅರ್ಧ ನಿಜ. ಸಣ್ಣ ಉದ್ದಿಮೆಗೆ ಕಾನೂನು ಸಾಕಷ್ಟು ಹಕ್ಕು ಕೊಟ್ಟಿದೆ. ಅವು ಯಾರಿಗೆ, ಯಾವ ಷರತ್ತಿನ ಮೇಲೆ ಎಂಬುದನ್ನು ಮಾತ್ರ ಕಚೇರಿಯ ಕಿಟಕಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

"ಮಾಲು ಕೊಟ್ಟ ಮ್ಯಾಲೆ ರೊಕ್ಕ ಯಾವಾಗ ಬರ್ತದೋ, ಅದು ಕೊಂಡವರ ಮರ್ಜಿ."

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಕೊಳ್ಳುವ ಗಿರಣಿಯವರು ರೈತರ ಹಣ ತಡಮಾಡುವಂತಿಲ್ಲ. ಅದೇ ಕಾಯಿ ಪುಡಿಯಾಗಿ ದೂರದ ದೊಡ್ಡ ಖರೀದಿದಾರರಿಗೆ ಉದ್ರಿ ಹೋದರೆ ಬಿಲ್ಲು ಬಾಕಿ ಬೀಳುತ್ತದೆ. ಮುಂದಿನ ವಾರದ ಖರೀದಿಗೆ ಬಡ್ಡಿ ಸಾಲ ಮಾಡಬೇಕು. ಲಾಭ ಬಡ್ಡಿಗೇ ಹೋದ ಮೇಲೆ ಹೊಸ ಯಂತ್ರ ಎಲ್ಲಿಂದ ಬರಬೇಕು?

2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆ ಇದಕ್ಕೆಂದೇ ಗಡುವು ಹಾಕಿದೆ. ಒಪ್ಪಂದವಿಲ್ಲದಿದ್ದರೆ ಮಾಲು ಸ್ವೀಕರಿಸಿದ 15 ದಿನದೊಳಗೆ ಹಣ ಸಲ್ಲಬೇಕು; ಬರೆದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇಂಥ ದೂರು ಕೊಡಲೆಂದೇ 2017ರಲ್ಲಿ 'ಸಮಾಧಾನ್' ಜಾಲತಾಣ ಶುರುವಾಯಿತು. ಆದರೂ ದೂರು ಕೊಡಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಕೇಸು ಹಾಕಿದ ಗಿರಣಿಗೆ ಮತ್ತೆ ಆರ್ಡರ್ ಬರುತ್ತದೆಂಬ ಭರವಸೆ ಇಲ್ಲ. ಈ ಹೆದರಿಕೆ ನ್ಯಾಯವಾದದ್ದೇ. ಹಾಗಾಗಿ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ತಂದ ತಿದ್ದುಪಡಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಗಡುವಿನೊಳಗೆ ಹಣ ಕೊಡದವರು, ಆ ಮೊತ್ತವನ್ನು ನಿಜಕ್ಕೂ ಪಾವತಿಸುವ ವರ್ಷದವರೆಗೆ ತಮ್ಮ ಖರ್ಚೆಂದು ತೋರಿಸುವಂತಿಲ್ಲ. ಇದಕ್ಕೆ ಯಾರೂ ದೂರು ಕೊಡಬೇಕಾಗಿಲ್ಲ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ (ಕೇಂದ್ರ ಸರಕಾರದ ಸಣ್ಣ ಉದ್ದಿಮೆ ನೋಂದಣಿ) ಸಂಖ್ಯೆ ಅಚ್ಚು ಹಾಕಿಸಿದರೆ ಕೊಂಡವರ ಲೆಕ್ಕಿಗರೇ ಎಚ್ಚರವಾಗುತ್ತಾರೆ.

"ಉದ್ಯಮ್ ಸರ್ಟಿಫಿಕೇಟ್ ಇದ್ರ ಎಲ್ಲಾ ಸಿಗತಾವ."

ಇಲ್ಲ. ಬ್ಯಾಡಗಿಯಂಥ ವ್ಯಾಪಾರದ ಊರಿನಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು. 2021ರ ಜುಲೈನಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆಯಿತು. ಆದರೆ ಆದ್ಯತಾ ವಲಯದ ಸಾಲಕ್ಕಷ್ಟೇ. ಕಾಯಿ ಕೊಂಡು ಕಾಯಿಯಾಗಿಯೇ ಮಾರುವವರಿಗೆ 45 ದಿನದ ರಕ್ಷಣೆ ಇಲ್ಲ. ಅದನ್ನೇ ಕುಟ್ಟಿ ಪುಡಿ ಮಾಡಿ ಮಾರಿದರೆ ತಯಾರಕರು, ಅವರಿಗೆ ಇದೆ. ನೋಂದಣಿಯನ್ನು ಮಾಲು ಕಳಿಸುವ ಮೊದಲೇ ಮಾಡಿಸಿಕೊಳ್ಳಬೇಕು. ಆಮೇಲೆ ನೋಂದಾಯಿಸಿ ಹಳೆಯ ಬಾಕಿಗೆ ಈ ಹಕ್ಕು ಕೇಳುವುದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೋಂದಣಿಗೆ ಸರಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ. ಸಾವಿರಾರು ರೂಪಾಯಿ ಕೇಳುವ ಜಾಲತಾಣಗಳು ಖಾಸಗಿಯವು.

"ಹೊಲ, ಮನೆ ಅಡವಿಡದ ಬ್ಯಾಂಕ್‌ನಾಗ ಸಾಲ ಹುಟ್ಟಂಗಿಲ್ಲ."

ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಅದಕ್ಕಿಂತ ದೊಡ್ಡ ಸಾಲಕ್ಕೆ, 2000ದಲ್ಲಿ ಕೇಂದ್ರ ಸರಕಾರ ಮತ್ತು ಸಣ್ಣ ಉದ್ದಿಮೆಗಳ ಅಭಿವೃದ್ಧಿ ಬ್ಯಾಂಕ್ ಸಿಡ್ಬಿ ಸೇರಿ ಕಟ್ಟಿದ ಸಾಲ ಖಾತರಿ ನಿಧಿ ಬ್ಯಾಂಕಿಗೆ ಭರವಸೆ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ ರೂಪಾಯಿ. ಖಾತರಿ ಇರುವುದು ಬ್ಯಾಂಕಿಗೆ; ಸಾಲ ತೀರಿಸುವ ಹೊಣೆ ನಿಮ್ಮದೇ. ನಮ್ಮ ಕಡೆ ಸಾಲದ ಅರ್ಜಿ ತಿರಸ್ಕಾರವಾಗಲು ಇನ್ನೊಂದು ಕಾರಣವೂ ಇದೆ. ವಹಿವಾಟೆಲ್ಲ ನಗದಿನಲ್ಲಿ ನಡೆದರೆ ಗಿರಣಿ ವರ್ಷಕ್ಕೆ ಎಷ್ಟು ದುಡಿಯಿತೆಂದು ತೋರಿಸಲು ಕಾಗದವೇ ಇರುವುದಿಲ್ಲ. ಅಡಮಾನದ ಜಾಗದಲ್ಲಿ ಬ್ಯಾಂಕು ನೋಡುವುದು ಆ ಕಾಗದವನ್ನೇ.

"ಸಬ್ಸಿಡಿ ಅಂದ್ರ ಮೊದಲ ಕೈಗೆ ಬರೋ ರೊಕ್ಕ."

ಅತಿ ಸಣ್ಣ ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಖಾರದಪುಡಿ, ರೊಟ್ಟಿ, ಉಪ್ಪಿನಕಾಯಿಯಂಥ ಘಟಕಗಳಿಗೆ ಕೇಂದ್ರದ ಸಹಾಯಧನ ವೆಚ್ಚದ ಶೇ 35. ಕರ್ನಾಟಕ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿ ಮಾಡಿತು. ಆದರೆ ಮೊದಲು ನಿಮ್ಮ ಶೇ 10 ಪಾಲು ಹಾಕಬೇಕು, ಬ್ಯಾಂಕಿನ ಸಾಲ ಮಂಜೂರಾಗಬೇಕು. ಸಹಾಯಧನ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕೂತು, ಮೂರು ವರ್ಷ ಘಟಕ ಸರಿಯಾಗಿ ನಡೆದರೆ ಸಾಲಕ್ಕೆ ಜಮೆಯಾಗುತ್ತದೆ. ಅರ್ಜಿ, ಯೋಜನಾ ವರದಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಸರಕಾರವೇ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ. ಹೊಸ ಅರ್ಜಿಗೆ ಮುನ್ನ ಯೋಜನೆಯ ಅವಧಿ ವಿಚಾರಿಸಿಕೊಳ್ಳಿ.

ಬೆಳೆದರೆ ಸೌಲಭ್ಯ ಕೈತಪ್ಪುತ್ತದೆಂದು ಎರಡನೇ ಗಿರಣಿಯನ್ನು ಮನೆಯವರ ಹೆಸರಿಗೆ ಮಾಡುವವರಿದ್ದಾರೆ. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿ ಹೂಡಿಕೆ, 10 ಕೋಟಿ ವಹಿವಾಟಿನವರೆಗೂ 'ಅತಿ ಸಣ್ಣ' ಉದ್ದಿಮೆಯೇ. ಆ ಗಡಿ ದಾಟಿದರೂ ತೆರಿಗೆಯೇತರ ಸೌಲಭ್ಯಗಳು ಮೂರು ವರ್ಷ ಮುಂದುವರಿಯುತ್ತವೆ.

"ಜಿಐ ಟ್ಯಾಗ್ ಬಂದದ, ಇನ್ನ ರೇಟಿನ ಚಿಂತಿಲ್ಲ."

ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಆದರೂ 2024ರ ಮಾರ್ಚ್ 11ರಂದು ದರ ಕುಸಿದು, ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಜಿಐ ಹೆಸರನ್ನು ಕಾಯುತ್ತದೆ, ಬೆಲೆಯನ್ನು ಕಾಯುವುದಿಲ್ಲ. ಆ ಹೆಸರಿನ ಮೇಲೂ ಕಾನೂನುಬದ್ಧ ಹಕ್ಕು ಬೇಕೆಂದರೆ ಬೆಳೆಯುವವರು, ಪುಡಿ ಮಾಡುವವರು ತಾವೇ 'ಅಧಿಕೃತ ಬಳಕೆದಾರ'ರಾಗಿ ನೋಂದಾಯಿಸಿಕೊಳ್ಳಬೇಕು. ಊರಿನ ಹೆಸರಿಗೆ ಬಂದ ಟ್ಯಾಗ್ ತಾನಾಗಿ ಪ್ರತಿ ಪೊಟ್ಟಣಕ್ಕೂ ಅಂಟುವುದಿಲ್ಲ.

ಕೊನೆಯ ನಂಬಿಕೆ ಮನೆಯೊಳಗಿನದು: "ನಮ್ಮದೇನ್ ಉದ್ಯೋಗರೀ, ಮನ್ಯಾಗ ಕೂತು ಮಾಡೋ ಕೆಲಸ." ಬ್ಯಾಡಗಿ ಸುತ್ತ ಹೆಣ್ಣುಮಕ್ಕಳು ಮಾಡುವ ಖಾರದಪುಡಿ, ಮಸಾಲೆ, ರೊಟ್ಟಿಯ ದುಡಿಮೆ ಲೆಕ್ಕಕ್ಕೇ ಬಾರದೆ ಉಳಿಯಲು ಈ ಮಾತೇ ಕಾರಣ. ಪ್ಯಾನ್, ಜಿಎಸ್‌ಟಿ ಇಲ್ಲದವರೂ 2023ರ ಜನವರಿಯಲ್ಲಿ ಶುರುವಾದ ಉದ್ಯಮ್ ಅಸಿಸ್ಟ್ ವೇದಿಕೆಯಲ್ಲಿ, ಬ್ಯಾಂಕಿನಂಥ ಸಂಸ್ಥೆಯ ಮೂಲಕ ನೋಂದಾಯಿಸಿಕೊಳ್ಳಬಹುದು. ಅದೇ ವರ್ಷದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹಾರ ಕಟ್ಟುವವರೂ ಇದ್ದಾರೆ. ಏಲಕ್ಕಿ ಹಾರದವರು ವಿಚಾರಿಸಬೇಕಾದ ಬಾಗಿಲು ಅದು. ಅಡಮಾನವಿಲ್ಲದೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ. ಅರ್ಜಿ ಹಾಕುವುದು ಸಾಮಾನ್ಯ ಸೇವಾ ಕೇಂದ್ರದಲ್ಲಿ. ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆಯದು.