ತತ್ತ್ವಶಾಸ್ತ್ರ: ಓಲೆಗರಿಯಿಂದ ರೋಗಿಯ ಹಾಸಿಗೆಯವರೆಗೆ

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವುಗಳನ್ನು ಕುರಿತು ವೈದ್ಯರು ಬರೆದ ಲೇಖನಗಳ ನಡುವೆ ತತ್ತ್ವಶಾಸ್ತ್ರಕ್ಕೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಆ ಶಾಸ್ತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಸಂಜೆಯ ಪ್ರವಚನ, ನಿವೃತ್ತಿಯ ಅನಂತರದ ಗೀತಾಪಾರಾಯಣ, ಇಲ್ಲವೆ ಅಂಕಗಳು ಸಾಲದೆ ಬೇರೆ ವಿಷಯ ದೊರೆಯದ ಬಡಪಾಯಿ ವಿದ್ಯಾರ್ಥಿ. ಮೊದಲೆರಡು ಒಳ್ಳೆಯವೇ. ಆದರೆ ವಿಶ್ವವಿದ್ಯಾಲಯಗಳಲ್ಲಿ ಇಂದು ನಡೆಯುತ್ತಿರುವ ತತ್ತ್ವಶಾಸ್ತ್ರದ ಸಂಶೋಧನೆ ಅದಲ್ಲ. ಸಂಶೋಧಕನು ಬೋಧಿಸುವುದಿಲ್ಲ, ಒಂದು ಪ್ರಶ್ನೆಯನ್ನು ಹಿಡಿದು, ಅದಕ್ಕೆ ಈವರೆಗೆ ದೊರೆತ ಉತ್ತರಗಳನ್ನು, ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವಂತೆ, ಒಂದೊಂದಾಗಿ ಬಡಿದು ನೋಡುತ್ತಾನೆ. ಈ ಪ್ರಶ್ನೆಗಳಲ್ಲಿ ಕೆಲವು ಓಲೆಗರಿಗಳ ಕಟ್ಟಿನಲ್ಲಿವೆ. ಕೆಲವು ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಮ್ಮನ್ನೇ ಕಾದು ನಿಂತಿವೆ.

ಈ ವಿಷಯದಲ್ಲಿ ನಾವು ನೆಲೆಸಿರುವ ಊರು ಸಾಮಾನ್ಯವಾದುದಲ್ಲ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1908ರಲ್ಲಿ ವೇದಾಂತದ ನೀತಿಯನ್ನು ಕುರಿತ ಎಂ.ಎ. ಪ್ರಬಂಧವನ್ನು ಪ್ರಕಟಿಸಿ, ಮರುವರ್ಷ ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. 1918ರಲ್ಲಿ ಅವರು ಆಗಿನ್ನೂ ಹೊಸದಾಗಿದ್ದ ಮೈಸೂರು ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದ ಸಂಗತಿಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅದೇ ಮೈಸೂರಿನಲ್ಲಿ ಸದ್ದಿಲ್ಲದೆ ಪಾಠ ಹೇಳುತ್ತಿದ್ದ ಎಂ. ಹಿರಿಯಣ್ಣನವರು ತಮ್ಮ ಪಾಠಗಳನ್ನೇ ಆಧಾರವಾಗಿ ಇಟ್ಟುಕೊಂಡು 1932ರಲ್ಲಿ ಹೊರತಂದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಕೈಪಿಡಿ ಇಂದಿಗೂ ಅಚ್ಚಾಗುತ್ತಿದೆ. ಸಾರೋಟಿನ ಕಥೆ ಎಲ್ಲರಿಗೂ ಗೊತ್ತು. ಹಿರಿಯಣ್ಣನವರ ಹೆಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿದ್ದಾರೋ! ಇತ್ತ ಮದರಾಸು ವಿಶ್ವವಿದ್ಯಾಲಯದ ವಿಭಾಗವು ಟಿ.ಎಂ.ಪಿ. ಮಹಾದೇವನ್ ಅವರ ದೀರ್ಘಕಾಲದ ನೇತೃತ್ವದಲ್ಲಿ ಬೆಳೆದು, 1964ರಲ್ಲಿ ಉನ್ನತಾಧ್ಯಯನ ಕೇಂದ್ರವೆಂಬ ಮನ್ನಣೆ ಪಡೆಯಿತು. ಮುಂದೆ ರಾಧಾಕೃಷ್ಣನ್ ಅವರ ಹೆಸರನ್ನೇ ತಳೆಯಿತು.

ಈ ನಗರದಲ್ಲಿ ನಡೆದ ತತ್ತ್ವಶಾಸ್ತ್ರದ ಕೆಲಸದಲ್ಲಿ ಬಹುಭಾಗ ಗ್ರಂಥಗಳ ಸಂಪಾದನೆ, ಅನುವಾದ, ವಿವರಣೆಗಳದು. 1886ರಲ್ಲಿ ಸ್ಥಾಪಿತವಾದ ಅಡ್ಯಾರ್ ಗ್ರಂಥಾಲಯವನ್ನಾಗಲಿ, ಮೈಲಾಪುರದ ಕುಪ್ಪುಸ್ವಾಮಿ ಶಾಸ್ತ್ರಿ ಸಂಶೋಧನಾ ಸಂಸ್ಥೆಯನ್ನಾಗಲಿ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕಾದುದು ಸಹಜ. ಉಡುಪಿಯ ಮಧ್ವಾಚಾರ್ಯರು, ಜಯತೀರ್ಥರು, ವಿಜಯನಗರದ ವ್ಯಾಸತೀರ್ಥರು ಕಟ್ಟಿದ ತರ್ಕದ ಕೋಟೆಯನ್ನು ಇಂಗ್ಲಿಷಿನ ಓದುಗರಿಗೆ ತೆರೆದು ತೋರಿಸಿದವರಲ್ಲಿ ಬಿ.ಎನ್.ಕೆ. ಶರ್ಮಾ ಅಗ್ರಗಣ್ಯರು, ದ್ವೈತ ಸಾಹಿತ್ಯದ ಚರಿತ್ರೆಯನ್ನು ಕುರಿತ ಅವರ ಎರಡು ಸಂಪುಟಗಳು 1960-61ರಲ್ಲಿ ಹೊರಬಂದವು. ದ್ವೈತದ ಜ್ಞಾನಮೀಮಾಂಸೆಯನ್ನು ಕುರಿತ ಪಿ. ನಾಗರಾಜ ರಾವ್ ಅವರ ಗ್ರಂಥವನ್ನು ಪ್ರಕಟಿಸಿದ್ದು ಅಡ್ಯಾರ್ ಗ್ರಂಥಾಲಯವೇ. ಇತ್ತೀಚೆಗೆ, 2016ರಲ್ಲಿ, ವ್ಯಾಸತೀರ್ಥರ ವಾದಗ್ರಂಥಗಳಿಗೂ ವಿಜಯನಗರದ ರಾಜಾಶ್ರಯಕ್ಕೂ ಇದ್ದ ನಂಟನ್ನು ಕುರಿತು ವ್ಯಾಲೆರಿ ಸ್ಟೋಕರ್ ಎಂಬ ಅಮೆರಿಕದ ವಿದುಷಿ ಒಂದು ಗ್ರಂಥವನ್ನೇ ಬರೆದರು.

ಇನ್ನೊಂದು ಬಗೆಯ ಸಂಶೋಧನೆಯಲ್ಲಿ ಗ್ರಂಥಕ್ಕಿಂತ ಸಮಸ್ಯೆ ಮುಖ್ಯ. ಒಂದು ಉದಾಹರಣೆ. ಬೆಂಗಳೂರಿನಿಂದ ಬರುವ ಭಾವನವರನ್ನು ಎದುರುಗೊಳ್ಳಲು ನೀವು ಸೆಂಟ್ರಲ್ ನಿಲ್ದಾಣದಲ್ಲಿ ನಿಂತಿದ್ದೀರಿ. ದೂರದಲ್ಲಿ ಅದೇ ನಿಲುವು, ಅದೇ ನಡಿಗೆ, ಅದೇ ಬಿಳಿ ಅಂಗಿ. “ಭಾವ ಬಂದರು” ಎಂದು ಮನೆಗೆ ಫೋನ್ ಮಾಡುತ್ತೀರಿ. ಆತ ಯಾರೋ ಬೇರೆಯವನು. ಆದರೆ ಅದೇ ಗಳಿಗೆಯಲ್ಲಿ ಭಾವನವರು ನಿಮ್ಮ ಕಣ್ಣಿಗೆ ಬೀಳದೆ ಹಿಂದಿನ ಬೋಗಿಯಿಂದ ಇಳಿದಿದ್ದಾರೆ! ನೀವು ಹೇಳಿದ ಮಾತು ನಿಜ. ಅದನ್ನು ನಂಬಲು ಕಾರಣವೂ ಇತ್ತು. ಹಾಗಾದರೆ ಭಾವ ಬಂದುದು ನಿಮಗೆ “ಗೊತ್ತಿತ್ತು” ಎನ್ನಬಹುದೆ? ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕನ್ ಅಧ್ಯಾಪಕರು 1963ರಲ್ಲಿ ಈ ಜಾತಿಯ ಒಗಟನ್ನು ಮೂರೇ ಪುಟಗಳಲ್ಲಿ ಮುಂದಿಟ್ಟರು. ಅಂದಿನಿಂದ ಅದಕ್ಕೆ ಹರಿದ ಶಾಯಿಗೆ ಲೆಕ್ಕವಿಲ್ಲ. ಇಂಥದೇ ತೊಡಕನ್ನು ಹನ್ನೆರಡನೆಯ ಶತಮಾನದ ಶ್ರೀಹರ್ಷನು ಆಗಲೇ ಎತ್ತಿದ್ದನೆಂದು ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿಮಲ್ ಕೃಷ್ಣ ಮತಿಲಾಲ್ ತೋರಿಸಿಕೊಟ್ಟರು. ನೈಯಾಯಿಕರು ನೆನಪನ್ನು ಪ್ರಮಾಣವೆಂದು ಒಪ್ಪಲಿಲ್ಲ; ಮಧ್ವಾಚಾರ್ಯರು ಒಪ್ಪಿದರು. ಇದು ಪಂಡಿತರ ಕೂದಲು ಸೀಳುವ ಜಗಳವೆಂದು ನಗುವವರು, ಮರೆವಿನ ಕಾಯಿಲೆ ಹೊಕ್ಕ ಮನೆಯನ್ನು ಕಂಡವರಲ್ಲ.

ನೆನಪು ಹೋದರೆ ಉಳಿಯುವುದು ಯಾರು? ಮನುಷ್ಯನ ತಾನುತನಕ್ಕೆ ನೆನಪೇ ಎಳೆಯೆಂದು ಇಂಗ್ಲೆಂಡಿನ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲಿ ವಾದಿಸಿದ್ದ. ಇಂದು ಆ ವಾದ ವೈದ್ಯಕೀಯ ನೀತಿಯ ನಡುಮನೆಗೆ ಬಂದಿದೆ. ಗಟ್ಟಿಯಾಗಿದ್ದಾಗ ಒಬ್ಬಾಕೆ, “ನನ್ನವರ ಗುರುತೇ ಹತ್ತದ ಸ್ಥಿತಿ ಬಂದರೆ ನನ್ನನ್ನು ಉಳಿಸಲು ಔಷಧ ಕೊಡಬೇಡಿ” ಎಂದು ಬರೆದಿಟ್ಟಿದ್ದಾರೆ ಎನ್ನೋಣ. ಆ ಸ್ಥಿತಿ ಬಂತು. ಆದರೆ ಈಗ ಅವರು ದಿನವಿಡೀ ಕಿಟಕಿಯ ಬಳಿ ಕುಳಿತು ನಗುನಗುತ್ತಿದ್ದಾರೆ. ನ್ಯುಮೋನಿಯಾ ತಗುಲಿತು. ಯಾರ ಮಾತು ನಡೆಯಬೇಕು, ಅಂದು ಬರೆದಾಕೆಯದೋ, ಇಂದು ನಗುತ್ತಿರುವಾಕೆಯದೋ? ಅಂದಿನವಳದೇ ಎಂದು ರೊನಾಲ್ಡ್ ಡ್ವರ್ಕಿನ್ 1993ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಈಗಿನ ಜೀವದ ಸುಖವನ್ನು ಬದಿಗೊತ್ತುವುದು ಸಲ್ಲದೆಂದು ರೆಬೆಕಾ ಡ್ರೆಸರ್ ಉತ್ತರ ಕೊಟ್ಟರು. ನನ್ನ ಮನಸ್ಸು ಡ್ರೆಸರ್ ಅವರ ಕಡೆಗೆ ವಾಲುತ್ತದೆ. ಆದರೆ ಎಂಬತ್ತು ದಾಟಿದ ಹಿರಿಯರೊಡನೆ ಈ ಮಾತೆತ್ತಿದಾಗಲೆಲ್ಲ ಅವರಲ್ಲಿ ಹೆಚ್ಚಿನವರು ಡ್ವರ್ಕಿನ್ ಪಕ್ಷವನ್ನೇ ಹಿಡಿದುದನ್ನು ಕಂಡಿದ್ದೇನೆ.

ಇದು ಪರದೇಶದ ಚರ್ಚೆಯಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಹೊಟ್ಟೆಪಾಡಿಗಾಗಿ ಮಹಾನಗರಕ್ಕೆ ಹೋದ ನರ್ಸ್ ಅರುಣಾ ಶಾನಭಾಗ ನಮ್ಮಂತೆಯೇ ವಲಸೆ ಬಂದ ಕನ್ನಡನಾಡಿನ ಮಗಳು. 1973ರ ನವೆಂಬರಿನಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯೊಳಗೇ ಆಕೆಯ ಮೇಲೆ ನಡೆದ ಪೈಶಾಚಿಕ ಹಲ್ಲೆಯಿಂದ ಮಿದುಳು ಕೆಟ್ಟು, 42 ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಆಕೆಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2011ರ ಮಾರ್ಚ್ 7ರಂದು ಬಂದ ತೀರ್ಪು ಆ ಬೇಡಿಕೆಯನ್ನು ತಳ್ಳಿಹಾಕಿತು. ಆಕೆಯ ಪರವಾಗಿ ಮಾತನಾಡುವ ಹಕ್ಕು ಪುಸ್ತಕ ಬರೆದವರಿಗಲ್ಲ, ದಿನದಿನವೂ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದಿತು. ಜತೆಗೆ, ಚುಚ್ಚುಮದ್ದಿನಿಂದ ಕೊಲ್ಲುವುದು ಅಪರಾಧ. ನಿರರ್ಥಕವಾದ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ಹಿಂತೆಗೆಯಬಹುದೆಂದೂ ಹೇಳಿತು. ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ನೀತಿಯ ದೃಷ್ಟಿಯಿಂದ ನಿಜವಾಗಿ ಅಂತರವಿದೆಯೆ ಎಂದು ಜೇಮ್ಸ್ ರೇಚಲ್ಸ್ ಎಂಬ ತತ್ತ್ವಜ್ಞರು 1975ರಲ್ಲೇ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಕೇಳಿದ್ದರು; ಅವರಿಗೆ ಅಂತರ ಕಾಣಲಿಲ್ಲ, ನಮ್ಮ ನ್ಯಾಯಾಲಯಕ್ಕೆ ಕಂಡಿತು. ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಕೊನೆಯವರೆಗೂ ಆಕೆಯನ್ನು ಬಿಟ್ಟುಕೊಡಲಿಲ್ಲ. 2015ರ ಮೇ 18ರಂದು ಅರುಣಾ ತೀರಿಕೊಂಡರು, ನ್ಯುಮೋನಿಯಾದಿಂದ.

2018ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಎಂದರೆ ಜನರು ಜೀವಂತ ಉಯಿಲು ಎನ್ನುವ ಪತ್ರಕ್ಕೆ, ಮಾನ್ಯತೆ ಕೊಟ್ಟಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರಲ್ಲಿ ಅದನ್ನು ಸಡಿಲಿಸಲಾಗಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಸಾವು ಎಂದರೇನೆಂಬುದೇ ಇಂದು ಚರ್ಚೆಯ ವಿಷಯ. ಉಸಿರಾಟದ ಯಂತ್ರ ಬಂದ ಮೇಲೆ, ಹೃದಯ ಮಿಡಿಯುತ್ತಿದ್ದರೂ ಮಿದುಳು ಸತ್ತವರನ್ನು ಏನೆನ್ನಬೇಕು? 1968ರಲ್ಲಿ ಹಾರ್ವರ್ಡಿನ ಸಮಿತಿಯೊಂದು ಇದಕ್ಕೆ ಲಕ್ಷಣಗಳನ್ನು ಹೇಳಿತು; ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯಿದೆ ಮಿದುಳುಕಾಂಡದ ಸಾವನ್ನು ಸಾವೆಂದು ಅಂಗೀಕರಿಸಿತು. ತಮಿಳುನಾಡಿನಲ್ಲಿ 2008ರಿಂದ ನಡೆಯುತ್ತಿರುವ ಮೃತದಾನಿಗಳ ಅಂಗದಾನ ಯೋಜನೆ ಈ ಒಂದು ವ್ಯಾಖ್ಯೆಯ ಮೇಲೆ ನಿಂತಿದೆ. ವೈದ್ಯರು ಪರೀಕ್ಷೆ ಮಾಡಿ ಮಿದುಳು ಸತ್ತಿದೆಯೆನ್ನಬಲ್ಲರು. ಮಿದುಳು ಸತ್ತರೆ ಮನುಷ್ಯ ಸತ್ತನೆ ಎಂಬುದಕ್ಕೆ ಸ್ಟೆತಾಸ್ಕೋಪ್ ಉತ್ತರ ಕೊಡಲಾರದು.

ಉಳಿದ ಕ್ಷೇತ್ರಗಳನ್ನು ಹೆಸರಿಸಿ ಮುಂದುವರಿಯುತ್ತೇನೆ. ಯಂತ್ರಕ್ಕೆ ಅರಿವು ಬರಬಲ್ಲುದೆ, ಗಣಿತದ ಸಂಖ್ಯೆಗಳು ನಿಜವಾಗಿ ಇವೆಯೆ, ಸಂಪತ್ತನ್ನು ನ್ಯಾಯವಾಗಿ ಹಂಚುವುದೆಂತು ಎಂಬ ಪ್ರಶ್ನೆಗಳಿಗೆಲ್ಲ ಬೇರೆ ಬೇರೆ ತಜ್ಞರಿದ್ದಾರೆ. ನಮ್ಮವರಲ್ಲಿ, ಭೌತಶಾಸ್ತ್ರ ಓದಿ ಈ ಕಡೆಗೆ ಬಂದ ಸುಂದರ್ ಸರುಕ್ಕೈ 2010ರಲ್ಲಿ ಮಣಿಪಾಲದಲ್ಲಿ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರವನ್ನು ಆರಂಭಿಸಿದರು. ಅವರು ಕರ್ನಾಟಕದ ಗಡಿಯಾಚೆಯ ವಿದ್ವಾಂಸ ಗೋಪಾಲ್ ಗುರು ಅವರೊಡನೆ 2012ರಲ್ಲಿ ಹೊರತಂದ ಗ್ರಂಥದಲ್ಲಿ, ಅಸ್ಪೃಶ್ಯತೆಯನ್ನು ಅರಿಯಬೇಕಾದರೆ ಸ್ಪರ್ಶವೆಂದರೇನೆಂದು ಮೊದಲು ಅರಿಯಬೇಕೆಂದು ವಿಚಾರ ಮಾಡಿದ್ದಾರೆ. ಪ್ರಮಾಣ, ಸಾಕ್ಷಿ, ಸ್ಪರ್ಶ ಮುಂತಾದ ಹಳೆಯ ಮಾತುಗಳನ್ನು ಇಂದಿನ ಪ್ರಶ್ನೆಗೆ ಹೂಡಿದರೆ ಏನಾಗಬಹುದೆಂಬುದಕ್ಕೆ ಇದು ಒಳ್ಳೆಯ ಮಾದರಿ.

ಆದರೆ ಗ್ರಂಥ ಬಲ್ಲವರೂ ಸಮಸ್ಯೆ ಬಲ್ಲವರೂ ಬಹುಮಟ್ಟಿಗೆ ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತಿದ್ದಾರೆ. ಜಯತೀರ್ಥರನ್ನು ಮೂಲದಲ್ಲಿ ಓದಬಲ್ಲವರಿಗೆ ಗೆಟಿಯರ್ ಅಪರಿಚಿತ. ಗೆಟಿಯರನ್ನು ಅರೆದು ಕುಡಿದವರಿಗೆ ಸಂಸ್ಕೃತ ಬಾರದು. ಎರಡನ್ನೂ ಬಲ್ಲವರು ಈ ದೇಶದಲ್ಲೇ ವಿರಳ. ಈ ಊರಿನ ಕನ್ನಡ ಮನೆಗಳ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಎಷ್ಟೋ ಮಂದಿಗೆ ಸಂಸ್ಕೃತವೂ ಲಭ್ಯ. ಇಂಥ ಒಬ್ಬ ಹುಡುಗಿ ತತ್ತ್ವಶಾಸ್ತ್ರ ಓದುತ್ತೇನೆಂದಾಗ ಉದ್ಯೋಗದ ಮಾತೆತ್ತುವ ತಂದೆತಾಯಿಗಳನ್ನು ನಾನು ದೂರಲಾರೆ. ಅಧ್ಯಾಪಕ ಹುದ್ದೆಗಳು ಕಡಿಮೆಯೇ. ಆದರೂ ಅಜ್ಜನ ಕಪಾಟಿನಲ್ಲಿರುವ ಜಯತೀರ್ಥರ ಪ್ರಮಾಣಪದ್ಧತಿಯ ಚಿಕ್ಕ ಪುಸ್ತಕವನ್ನು ಆಕೆಯ ಕೈಗೆ ಒಮ್ಮೆ ಕೊಡಲಿ. ನೆನಪು ಪ್ರಮಾಣವೇಕೆಂಬ ಚರ್ಚೆ ಅದರಲ್ಲಿ ದೊರೆಯುತ್ತದೆ.