ಎರೆಮಣ್ಣಿನಲ್ಲಿ ನಾಲ್ಕು ಗಾಲಿಯ ಬಲ

ಮಳೆಗಾಲದಲ್ಲಿ ಹುನಗುಂದದ ಎರೆಹೊಲದೊಳಗೆ ಪಿಕಪ್ ಗಾಡಿ ಹೂತು ನಿಂತುದನ್ನು ನೀವು ನೋಡಿರಬಹುದು. ಹಿಂದಿನ ಒಂದು ಗಾಲಿ ಗರಗರನೆ ತಿರುಗುತ್ತದೆ; ಗಾಡಿ ಮಾತ್ರ ಕದಲುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಸಡಿಲು ಜಲ್ಲಿಯಲ್ಲಿಯೂ, ಬಾದಾಮಿ ಸೀಮೆಯ ಮಲಪ್ರಭೆಯ ಉಸುಕಿನಲ್ಲಿಯೂ ಇದೇ ಪಾಡು. ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಕೊಡಿಸಿದರೆ ಹೇಗೆ ಎಂಬ ವಿಚಾರ ಆಗ ಮಾಲಕರಿಗೆ ಹೊಳೆಯುವುದು ಸಹಜ.

ಗಾಲಿ ಬರಿದೆ ತಿರುಗುವುದೇಕೆ? ಹಿಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆಯಿದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಲ್ಲವೆ? ಅದಕ್ಕೆ ಅನುವು ಮಾಡಿಕೊಡುವುದೇ ಇದರ ಕೆಲಸ. ಆದರೆ ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಗಾಡಿ ಬರಿದಾಗಿದ್ದರಂತೂ ಹೆಚ್ಚಿನ ಭಾರ ಮುಂದೆಯೇ ಇದ್ದು, ಹಿಂದಿನ ಗಾಲಿಗಳ ಹಿಡಿತ ಇನ್ನೂ ಕಡಿಮೆ.

ಮಾರ್ಪಡಿಸುವಾಗ ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಕೂಡಿಸುತ್ತಾರೆ. ಅದು ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಮುಂದಕ್ಕೆ ಒಂದು ಶಾಫ್ಟು ಬೇಕು. ಡಿಫರೆನ್ಷಿಯಲ್ ಇರುವ ಹೊಸ ಅಚ್ಚು ಬೇಕು. ಗಾಲಿಗಳು ಹೊರಳುತ್ತಲೇ ಬಲ ಪಡೆಯುವಂತೆ ಅಚ್ಚಿನ ಎರಡೂ ತುದಿಗೆ ಕೀಲುಗಳು ಬೇಕು. ಇದಕ್ಕೆ ತಕ್ಕಂತೆ ಕಮಾನುಪಟ್ಟಿ, ಸ್ಟಿಯರಿಂಗ್, ಬ್ರೇಕಿನ ಕೊಳವೆ ಎಲ್ಲವನ್ನೂ ಹೊಂದಿಸಬೇಕು. ಅಮೇರಿಕದ ಮಿನ್ನಿಯಾಪೊಲಿಸಿನ ನ್ಯಾಪ್ಕೊ ಕಂಪನಿಯು 1950ರ ದಶಕದಲ್ಲಿ ಇಂಥ ಸಾಮಾನಿನ ಪೂರ್ತಿ ಕಟ್ಟನ್ನೇ ಮಾರುತ್ತಿತ್ತು.

ಮುಂದಿನ ಹಾಗೂ ಹಿಂದಿನ ಅಚ್ಚುಗಳ ಕ್ರೌನು-ಪಿನಿಯನ್ನಿನ ಹಲ್ಲುಗಳ ಪ್ರಮಾಣ ಒಂದೇ ಇರಬೇಕು. ಟೈರುಗಳ ಅಳತೆಯೂ ಒಂದೇ ಇರಬೇಕು. ಇಲ್ಲವಾದರೆ ಎರಡು ಅಚ್ಚುಗಳು ಒಂದಕ್ಕೊಂದು ಜಗ್ಗಾಡಿ ಹಲ್ಲು ಮುರಿಯುತ್ತವೆ. ಎಲ್ಲವೂ ಹೊಂದಿದ್ದರೂ, ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡುತ್ತವೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿಹೋಗುತ್ತದೆ. ಡಾಂಬರಿನ ಮೇಲೆ ಅದು ಯಂತ್ರದ ಮೇಲೆಯೇ ಬೀಳುತ್ತದೆ. ಆದುದರಿಂದ ಹೊಲ ದಾಟಿ ಬಾಗಲಕೋಟೆಯ ಡಾಂಬರು ರಸ್ತೆಗೆ ಬಂದೊಡನೆ ಮುಂದಿನ ಬಲವನ್ನು ಬಿಡಿಸಬೇಕು. ಇನ್ನೊಂದು ಮಾತು: ನಾಲ್ಕು ಗಾಲಿಯ ಬಲ ಗಾಡಿಯನ್ನು ಹೊರಡಿಸುತ್ತದೆ, ಬೇಗ ನಿಲ್ಲಿಸುವುದಿಲ್ಲ.

ಕೊನೆಗೆ ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಭಿನ್ನವಾಗುವ ಮಾರ್ಪಾಡು ಸಲ್ಲದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹೊಸ ಅಚ್ಚು ಕೂಡಿಸಿದರೆ ಗಾಡಿಯ ಬರಿತೂಕವೇ ಬದಲಾಗುತ್ತದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬಂದೀತು. ಆದುದರಿಂದ ಮೇಸ್ತ್ರಿಯ ಕೈಗೆ ಗಾಡಿ ಒಪ್ಪಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.

ವರ್ಷದಲ್ಲಿ ನಾಲ್ಕಾರು ದಿನದ ತೊಂದರೆಯಾದರೆ ಆಳವಾದ ಹಲ್ಲಿನ ಟೈರು, ಹಿಂದಿನ ಅಚ್ಚಿನ ಮೇಲೆ ಒಂದಿಷ್ಟು ಭಾರ, ನೆಲ ಆರುವ ತನಕ ತಾಳ್ಮೆ, ಇವೇ ಸಾಕು. ದಿನನಿತ್ಯದ ಕೆಲಸಕ್ಕೆ ಬೇಕೆಂದಾದರೆ ಕಾರಖಾನೆಯಲ್ಲಿಯೇ ನಾಲ್ಕು ಗಾಲಿಗೆ ಬಲ ಕೊಟ್ಟು ತಯಾರಿಸಿದ ಗಾಡಿಯನ್ನು ಕೊಳ್ಳುವುದು ಜಾಣತನ.